ಬರಲಿಲ್ಲ, ಬಂದಿಲ್ಲ, ಬಂದಿರಲಿಲ್ಲ: ಹ್ಯಾವ್, ಹ್ಯಾಡ್ ಗೊಂದಲಕ್ಕೆ ನಮ್ಮ ಮಾತಿನಲ್ಲೇ ಇರುವ ದಾರಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಯಾದಗಿರಿ ಜಿಲ್ಲೆ ಸುರಪುರ ತಾಲೂಕಿನ ಒಂದು ಹಳ್ಳಿಯವಳು. ಪಿಯುಸಿ ತನಕ ಕನ್ನಡ ಮೀಡಿಯಂ. ಬಿಕಾಂ ಮುಗಿಸಿ ಈಗ ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಜೊತೆಗೆ ಸರ್ಕಾರಿ ಪರೀಕ್ಷೆಗಳಿಗೂ ಓದುತ್ತಿದ್ದೇನೆ. ಹೋದ ತಿಂಗಳು ಒಂದು ಖಾಸಗಿ ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದೆ. ಅಲ್ಲಿ ನಾನು ಹೇಳಿದ್ದು ಇಷ್ಟು: ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2021. ಐ ಆಮ್ ವರ್ಕಿಂಗ್ ಇನ್ ಅ ಕಂಪ್ಯೂಟರ್ ಸೆಂಟರ್ ಸಿನ್ಸ್ ಟೂ ಇಯರ್ಸ್. ಯೆಸ್ಟರ್‌ಡೇ ಐ ಹ್ಯಾಡ್ ಕಮ್ ಫ್ರಮ್ ಮೈ ವಿಲೇಜ್.’ ಯಾವುದಾದರೂ ಟ್ರೈನಿಂಗಿಗೆ ಹೋಗಿದ್ದೀರಾ ಎಂದು ಕೇಳಿದಾಗ ‘ಐ ಡಿಡ್ ನಾಟ್ ವೆಂಟ್’ ಅಂದೆ. ಕುಳಿತಿದ್ದ ಒಬ್ಬರು ‘ಇದು ಯಾವ ಟೆನ್ಸಮ್ಮಾ?’ ಎಂದು ನಕ್ಕರು. ಆಮೇಲೆ ನನಗೆ ಬಾಯಿಯೇ ಬರಲಿಲ್ಲ. ಹ್ಯಾವ್ ಅಂದರೆ ಸ್ವಲ್ಪ ಹಿಂದೆ, ಹ್ಯಾಡ್ ಅಂದರೆ ಬಹಳ ಹಿಂದೆ ಎಂದು ಟ್ಯೂಷನ್ ಸರ್ ಹೇಳಿಕೊಟ್ಟಿದ್ದರು. ಅದು ನಿಜವಾ? ಕನ್ನಡದಲ್ಲಿ ಈ ಪರ್ಫೆಕ್ಟ್ ಟೆನ್ಸೇ ಇಲ್ಲ, ಅದಕ್ಕೇ ಕನ್ನಡ ಮೀಡಿಯಂನವರಿಗೆ ಬರುವುದಿಲ್ಲ ಅಂತಾರೆ, ಹೌದಾ? ಹನ್ನೆರಡು ಟೆನ್ಸ್, ಇಪ್ಪತ್ತಮೂರು ಹೆಲ್ಪಿಂಗ್ ವರ್ಬ್ ಬಾಯಿಪಾಠ ಮಾಡಲೇಬೇಕಾ? ಮೂರು ವಾರದಲ್ಲಿ ಇನ್ನೊಂದು ಇಂಟರ್‌ವ್ಯೂ ಇದೆ.

ಉತ್ತರ: ತಂಗಿ, ಮೊದಲು ಒಂದು ಮಾತು. ನೀವು ಹೇಳಿದ ನಾಲ್ಕೂ ವಾಕ್ಯ ಎದುರಿಗಿದ್ದವರಿಗೆ ಪೂರ್ತಿ ಅರ್ಥವಾಗಿದೆ. ಅರ್ಥ ಆಗದಿದ್ದರೆ ಅವರು ಏನು ಅಂತ ಕೇಳುತ್ತಿದ್ದರು, ನಗುತ್ತಿರಲಿಲ್ಲ. ಕೆಲಸ ಕೇಳಿಕೊಂಡು ಬಂದ ಹುಡುಗಿಯ ಮುಂದೆ ಹಾಗೆ ನಗಬಾರದಿತ್ತು. ಹಾಗಂತ ವಾಕ್ಯಗಳು ಸರಿ ಇವೆ ಅಂತ ನಾನು ಹೇಳುವುದಿಲ್ಲ. ನಾಲ್ಕರಲ್ಲೂ ತಪ್ಪಿದೆ. ಮೂರು ತಪ್ಪು ಕನ್ನಡವನ್ನು ಹಾಗೇ ಇಂಗ್ಲಿಷಿಗೆ ದಾಟಿಸಿದ್ದರಿಂದ ಬಂದವು. ನಾಲ್ಕನೆಯದು ಕನ್ನಡವನ್ನು ಮರೆತಿದ್ದರಿಂದ ಬಂದದ್ದು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಕನ್ನಡದಲ್ಲಿ ಪರ್ಫೆಕ್ಟ್ ಟೆನ್ಸ್ ಇಲ್ಲ ಅನ್ನುವುದು ಶುದ್ಧ ಸುಳ್ಳು. ಇದನ್ನು ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ಆದರೆ ಇದರಿಂದ ನಮ್ಮ ಮಕ್ಕಳಿಗೆ ಬಹಳ ನಷ್ಟ ಆಗಿದೆ. ನಿಮ್ಮ ಮನೆಯಲ್ಲಿ ದಿನಾ ಆಡುವ ಮಾತನ್ನೇ ತೆಗೆದುಕೊಳ್ಳಿ. ‘ಅಪ್ಪ ಹೊಲಕ್ಕ ಹೋದ್ರು.’ ‘ಅಪ್ಪ ಹೊಲಕ್ಕ ಹೋಗ್ಯಾರ.’ ‘ಅಪ್ಪ ಹೊಲಕ್ಕ ಹೋಗಿದ್ರು.’ ಮೂರೂ ಒಂದೇ ಅಂತ ನಿಮ್ಮ ಅವ್ವನ ಮುಂದೆ ಹೇಳಿ ನೋಡಿ, ಒಪ್ಪುವುದಿಲ್ಲ. ಹೋದರು ಅಂದರೆ ಹೊರಟ ಸುದ್ದಿ. ಹೋಗ್ಯಾರ ಅಂದರೆ ಈಗ ಮನೆಯಲ್ಲಿಲ್ಲ, ಹೊಲದಲ್ಲಿದ್ದಾರೆ. ಹೋಗಿದ್ರು ಅಂದರೆ ಹೋಗಿ ಬಂದಾಯಿತು, ಇಲ್ಲವೇ ಆಗ ಇರಲಿಲ್ಲ. ಇಂಗ್ಲಿಷಿನ ವೆಂಟ್, ಹ್ಯಾಸ್ ಗಾನ್, ಹ್ಯಾಡ್ ಗಾನ್ ಸುಮಾರಾಗಿ ಇವೇ ಮೂರು. ಶಾಲೆಗೆ ಹೋಗುವ ಮೊದಲೇ ನಿಮಗೆ ಈ ವ್ಯತ್ಯಾಸ ಗೊತ್ತಿತ್ತು.

ಬಿಡಿಸಿ ನೋಡಿದರೆ ಕಟ್ಟೂ ಒಂದೇ ರೀತಿ ಇದೆ. ಹೋಗಿದ್ದೇನೆ ಅನ್ನುವುದು ‘ಹೋಗಿ’ ಮತ್ತು ‘ಇದ್ದೇನೆ’ ಸೇರಿ ಆದದ್ದು. ಹೋಗಿದ್ದೆ ಅನ್ನುವುದು ‘ಹೋಗಿ’ ಮತ್ತು ‘ಇದ್ದೆ’. ಕಲಬುರಗಿ ಕಡೆ ‘ಮಳಿ ಬಂದದ’ ಅಂತೇವಲ್ಲ, ಅದರಲ್ಲೂ ‘ಬಂದು’ ಮತ್ತು ‘ಅದ’ ಕೂಡಿಕೊಂಡಿವೆ. ಇಲ್ಲಿ ಇದ್ದೇನೆ, ಇದ್ದೆ, ಅದ ಇವೇ ಹೆಲ್ಪಿಂಗ್ ವರ್ಬ್. ಅಂದರೆ ನಮ್ಮಲ್ಲಿ ಸಹಾಯಕ್ಕೆ ಬರುವುದು ‘ಇರು’. ಇಂಗ್ಲಿಷಿನಲ್ಲಿ ಬರುವುದು ಹ್ಯಾವ್. ಗೊಂದಲದ ಬೇರು ಇರುವುದು ಇಲ್ಲಿಯೇ. ನಮ್ಮ ಭಾಗದಲ್ಲಿ ಕಿವಿಗೆ ಬೀಳುವ ಬೇರೆ ಭಾಷೆಗಳೂ ಹೀಗೇ. ದಖನಿ ಉರ್ದುವಿನಲ್ಲಿ ‘ಗಯಾ ಹೈ’, ‘ಗಯಾ ಥಾ’. ಬೀದರ್ ಕಡೆಯ ಮರಾಠಿಯಲ್ಲಿ ‘ಗೇಲಾ ಆಹೇ’, ‘ಗೇಲಾ ಹೋತಾ’. ಎಲ್ಲದರಲ್ಲೂ ‘ಇರು’ ಎಂಬ ಅರ್ಥದ ಪದವೇ ಸಹಾಯಕ್ಕೆ ನಿಂತಿದೆ. ಸುತ್ತ ಎಲ್ಲ ಭಾಷೆ ಇರು, ಇರು ಅನ್ನುವಾಗ ಇಂಗ್ಲಿಷ್ ಒಂದೇ ‘ನನ್ನ ಹತ್ತಿರ ಇದೆ’ ಅನ್ನುವ ಪದವನ್ನು ತಂದು ಇಟ್ಟರೆ ಯಾರಿಗಾದರೂ ತಡವರಿಸುತ್ತದೆ.

ಇಂಗ್ಲಿಷಿಗೆ ಈ ಹ್ಯಾವ್ ಬಂದ ಕತೆ ಗೊತ್ತಾದರೆ ಭಯ ಕಡಿಮೆ ಆಗುತ್ತದೆ. ಬಹಳ ಹಿಂದೆ ಅವರು ‘ನನ್ನ ಹತ್ತಿರ ಬರೆದ ಪತ್ರ ಇದೆ’ ಎಂಬ ಅರ್ಥದಲ್ಲಿ ಹ್ಯಾವ್ ಹಾಕುತ್ತಿದ್ದರು. ಬರಬರುತ್ತಾ ಅದು ‘ನಾನು ಪತ್ರ ಬರೆದಿದ್ದೇನೆ’ ಅಂತ ಆಯಿತು. ಹೋಗುವುದು, ಬರುವುದು ಇಂಥ ಕ್ರಿಯೆಗಳಿಗೆ ಆಗ ಅವರೂ ‘ಇರು’ವನ್ನೇ ಬಳಸುತ್ತಿದ್ದರು. ಶೇಕ್ಸ್‌ಪಿಯರ್ ಕಾಲದಲ್ಲಿ ‘ಹಿ ಈಸ್ ಕಮ್’ ಅನ್ನುವುದು ಒಳ್ಳೆಯ ಇಂಗ್ಲಿಷ್ ಆಗಿತ್ತು. ‘ಹಿ ಈಸ್ ಗಾನ್’ ಇವತ್ತಿಗೂ ಉಳಿದಿದೆ. ನಮ್ಮ ‘ಬಂದಾನ’ಕ್ಕೂ ಅವರ ‘ಈಸ್ ಕಮ್’ಗೂ ಏನು ದೂರ ಇದೆ ಹೇಳಿ? ಈಗಿನ ಲೆಕ್ಕ ಸರಳ. ಇಂಥ ಮಾತುಗಳಲ್ಲಿ ನಮ್ಮ ‘ಇರು’ ಇದ್ದ ಕಡೆ ಅವರ ಹ್ಯಾವ್ ಬರುತ್ತದೆ. ‘ನನ್ನ ಹತ್ತಿರ ಪೆನ್ ಇದೆ’ ಅನ್ನುವಾಗಲೂ ಹ್ಯಾವ್, ‘ನೋಡಿದ್ದೇನೆ’ ಅನ್ನುವಾಗಲೂ ಹ್ಯಾವ್.

ಹ್ಯಾವ್ ಆದ ಮೇಲೆ ಮೂರನೇ ರೂಪ ಯಾಕೆ ಬರಬೇಕು? ಇದನ್ನೂ ನಿಯಮ ಅಂತ ಬಾಯಿಪಾಠ ಮಾಡಿಸುತ್ತೇವೆ, ಕಾರಣ ಹೇಳುವುದಿಲ್ಲ. ಗೋ, ವೆಂಟ್, ಗಾನ್ ಇದ್ದ ಹಾಗೆ ನಮ್ಮಲ್ಲೂ ಹೋಗು, ಹೋದ, ಹೋಗಿ ಎಂಬ ಮೂರು ರೂಪ ಇವೆ. ತಿನ್ನು, ತಿಂದ, ತಿಂದು. ಬರೆ, ಬರೆದ, ಬರೆದು. ‘ಹೋದ ಇದ್ದೇನೆ’ ಅಂತ ಕನ್ನಡದಲ್ಲಿ ಯಾರಾದರೂ ಅಂತಾರಾ? ಇಲ್ಲ, ‘ಹೋಗಿ ಇದ್ದೇನೆ’ ಎಂದೇ ಜೋಡಿಸುತ್ತೇವೆ. ‘ಹ್ಯಾವ್ ವೆಂಟ್’ ಅಂದರೆ ‘ಹೋದ ಇದ್ದೇನೆ’ ಅಂದ ಹಾಗೆ. ಈ ಒಂದು ಮಾತು ಹೇಳಿದ ದಿನವೇ ‘ಹ್ಯಾವ್ ವೆಂಟ್’ ಬಿಟ್ಟುಬಿಟ್ಟ ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ.

ಈಗ ನನ್ನ ಮುಖ್ಯ ಸಲಹೆಗೆ ಬರುತ್ತೇನೆ. ಯಾವ ಹೆಲ್ಪಿಂಗ್ ವರ್ಬ್ ಹಾಕಬೇಕು ಅಂತ ಗೊತ್ತಾಗದಿದ್ದಾಗ ಆ ವಾಕ್ಯಕ್ಕೆ ಕನ್ನಡದಲ್ಲಿ ‘ಇಲ್ಲ’ ಹೇಳಿ ನೋಡಿ. ಬರುವುದಿಲ್ಲ, ಬರಲಿಲ್ಲ, ಬಂದಿಲ್ಲ, ಬಂದಿರಲಿಲ್ಲ. ಬರುವುದಿಲ್ಲ ಅಂದರೆ ಡು ನಾಟ್ ಅಥವಾ ಡಸ್ ನಾಟ್. ಬರಲಿಲ್ಲ ಅಂದರೆ ಡಿಡ್ ನಾಟ್. ಬಂದಿಲ್ಲ ಅಂದರೆ ಹ್ಯಾವ್ ನಾಟ್ ಅಥವಾ ಹ್ಯಾಸ್ ನಾಟ್. ಬಂದಿರಲಿಲ್ಲ, ನಮ್ಮ ಕಡೆ ಮಾತಿನಲ್ಲಿ ಬಂದಿದ್ದಿಲ್ಲ, ಅಂದರೆ ಹ್ಯಾಡ್ ನಾಟ್. ಇಷ್ಟು ಚೊಕ್ಕವಾಗಿ ಕೂಡುವುದನ್ನು ನಾನು ಬೇರೆ ಯಾವ ಕಡೆಯೂ ನೋಡಿಲ್ಲ.

‘ಹೌದು’ ಎನ್ನುವ ವಾಕ್ಯದಲ್ಲಿ ಕನ್ನಡ ಸ್ವಲ್ಪ ಸಡಿಲ. ‘ಇಲ್ಲ’ ಎನ್ನುವಾಗ ಬಿಗಿ. ಒಂದು ಉದಾಹರಣೆ ಕೊಡುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ‘ಶಹಾಪುರ ಬಸ್ ಬಂತೇನ್ರಿ?’ ಅಂತ ಕೇಳುತ್ತೇವೆ. ‘ಬಂತು’ ನೋಡಿದರೆ ಸಾದಾ ಪಾಸ್ಟ್. ಅದನ್ನೇ ದಾಟಿಸಿದರೆ ‘ಡಿಡ್ ದ ಬಸ್ ಕಮ್?’ ಆಗುತ್ತದೆ. ಆದರೆ ಉತ್ತರ ಏನು ಬರುತ್ತದೆ? ‘ಇನ್ನೂ ಬಂದಿಲ್ರಿ.’ ‘ಇನ್ನೂ ಬರಲಿಲ್ರಿ’ ಅನ್ನುವವರು ಕಡಿಮೆ. ‘ಬಂದಿಲ್ಲ’ ಅಂತ ಬಂದಕೂಡಲೇ ಗುಟ್ಟು ಹೊರಬಿತ್ತು. ಒಳಗೆ ಇದ್ದದ್ದು ಹ್ಯಾಸ್. ಹಾಗಾಗಿ ‘ಹ್ಯಾಸ್ ದ ಬಸ್ ಕಮ್?’, ‘ಇಟ್ ಹ್ಯಾಸ್ ನಾಟ್ ಕಮ್ ಯೆಟ್’. ‘ಊಟ ಆಯ್ತಾ?’ ಕೂಡ ಹೀಗೇ. ಉತ್ತರ ‘ಇನ್ನೂ ಆಗಿಲ್ಲ’. ಅದಕ್ಕೇ ಇಂಗ್ಲಿಷಿನಲ್ಲಿ ‘ಹ್ಯಾವ್ ಯು ಈಟನ್?’

ನಿಮ್ಮ ನಾಲ್ಕನೇ ವಾಕ್ಯಕ್ಕೂ ಇಲ್ಲೇ ಔಷಧಿ ಇದೆ. ‘ಡಿಡ್ ನಾಟ್ ವೆಂಟ್’ ಅಂದಿರಿ. ಕನ್ನಡದಲ್ಲಿ ‘ಹೋಗಲಿಲ್ಲ’ ಅಂತೇವೆ. ‘ಹೋದಲಿಲ್ಲ’ ಅನ್ನುವುದಿಲ್ಲ, ಅಲ್ವಾ? ಆಗಿಹೋದ ಕಾಲದ ಭಾರವನ್ನು ‘ಲಿಲ್ಲ’ ಹೊತ್ತುಕೊಂಡಿದೆ, ‘ಹೋಗ’ ಹಗುರಾಗಿ ಉಳಿದಿದೆ. ಇಂಗ್ಲಿಷಿನಲ್ಲೂ ಆ ಭಾರವನ್ನು ಡಿಡ್ ಹೊತ್ತಿದೆ, ಹಾಗಾಗಿ ಗೋ ಇದ್ದ ಹಾಗೇ ಇರಬೇಕು. ಡಿಡ್ ನಾಟ್ ಗೋ. ಡಿಡ್ ಯು ಗೋ? ನೀವು ಕನ್ನಡದ ಮಾತು ಕೇಳಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಒಂದು ವಿಷಯ ಮಾತ್ರ ಹೊಸದು. ಪ್ರಶ್ನೆ ಕೇಳುವಾಗ ಕನ್ನಡದಲ್ಲಿ ಕೊನೆಗೆ ಒಂದು ‘ಆ’ ಸೇರಿಸಿದರೆ ಸಾಕು, ಇಂಗ್ಲಿಷಿನಲ್ಲಿ ಹೆಲ್ಪಿಂಗ್ ವರ್ಬನ್ನು ಮುಂದೆ ತಂದು ನಿಲ್ಲಿಸಬೇಕು. ಅದನ್ನು ಬಾಯಿಗೆ ರೂಢಿ ಮಾಡಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಈ ‘ಇಲ್ಲ’ ಪರೀಕ್ಷೆ ಎಲ್ಲ ಕಡೆ ಕೈ ಹಿಡಿಯುವುದಿಲ್ಲ. ಮೂರು ಕಡೆ ಕನ್ನಡ ಒಂದು ದಾರಿ, ಇಂಗ್ಲಿಷ್ ಇನ್ನೊಂದು ದಾರಿ. ನಿಮ್ಮ ಉಳಿದ ಮೂರು ವಾಕ್ಯಗಳೂ ಸರಿಯಾಗಿ ಆ ಮೂರು ಕಡೆಯೇ ಎಡವಿವೆ.

ಮೊದಲನೆಯದು ತಾರೀಖಿನ ತೊಡಕು. ನಮ್ಮ ಹುಡುಗರು ಎಲ್ಲಕ್ಕಿಂತ ಜಾಸ್ತಿ ಎಡವುವುದು ಇದರಲ್ಲಿಯೇ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ‘2021ರಲ್ಲಿ ಡಿಗ್ರಿ ಮುಗಿಸಿದ್ದೇನೆ’ ಅನ್ನುವುದು ಕನ್ನಡದಲ್ಲಿ ಸರಿಯಾದ ವಾಕ್ಯ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ಹ್ಯಾವ್, ಹ್ಯಾಸ್ ಬರುವ ಈ ರೂಪಕ್ಕೆ ಇರುವ ಪ್ರೆಸೆಂಟ್ ಪರ್ಫೆಕ್ಟ್ ಎಂಬ ಹೆಸರಿನಲ್ಲೇ ಪ್ರೆಸೆಂಟ್ ಇದೆ ನೋಡಿ. ಅದು ಇವತ್ತಿನ ಮಾತು. ಕೆಲಸ ಹಿಂದೆ ಆಗಿರಬಹುದು, ಹೇಳುತ್ತಿರುವುದು ಈಗಿನ ಸ್ಥಿತಿಯನ್ನು. ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ’ ಅಂದರೆ ನಾನು ಈಗ ಪದವೀಧರೆ ಅಂತ ಅರ್ಥ. ‘2021ರಲ್ಲಿ’ ಅಂತ ಸೇರಿಸಿದ ಕೂಡಲೇ ಮಾತು ಇವತ್ತನ್ನು ಬಿಟ್ಟು 2021ಕ್ಕೆ ಹೋಯಿತು. ಆಗ ಹ್ಯಾವ್‌ಗೆ ಅಲ್ಲಿ ಕೆಲಸವಿಲ್ಲ. ‘ಐ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2021’ ಅಷ್ಟೇ.

ನಮ್ಮ ಊರಿನ ಹೆಸರಿನಿಂದಲೇ ಇದನ್ನು ಕ್ಲಾಸಿನಲ್ಲಿ ಹೇಳುತ್ತೇನೆ. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಯಾರೋ ಹಳೇ ನಕ್ಷೆ ಹಿಡಿದುಕೊಂಡು ಗುಲ್ಬರ್ಗಾ ಎಲ್ಲಿದೆ ಅಂತ ಕೇಳಿದರೆ ‘ದ ನೇಮ್ ಹ್ಯಾಸ್ ಚೇಂಜ್ಡ್’ ಅನ್ನಬೇಕು. ಈಗ ಹೆಸರು ಬೇರೆ ಇದೆ ಅನ್ನುವುದು ಅಲ್ಲಿ ಮುಖ್ಯ. ಯಾವಾಗ ಅಂತ ಕೇಳಿದರೆ ‘ಇಟ್ ಚೇಂಜ್ಡ್ ಇನ್ 2014’. ವರ್ಷ ಬಂತು, ಹ್ಯಾಸ್ ಹೋಯಿತು. ನಿನ್ನೆ, ಹೋದ ವಾರ, ಮೂರು ದಿನದ ಹಿಂದೆ, ನಾನು ಶಾಲೆಯಲ್ಲಿದ್ದಾಗ, ಇಂಥ ಯಾವ ಮಾತು ಬಂದರೂ ಹೀಗೇ. ಇವತ್ತು, ಈ ವಾರ, ಇಲ್ಲಿಯವರೆಗೆ ಅಂದರೆ ಕಾಲ ಇನ್ನೂ ಮುಗಿದಿಲ್ಲ, ಅಲ್ಲಿ ಹ್ಯಾವ್ ಇರಬಹುದು.

ಇಂಟರ್‌ವ್ಯೂಗೆ ಇದು ಬಹಳ ಉಪಯೋಗ. ಪ್ರಶ್ನೆಗಳು ಸಾಮಾನ್ಯವಾಗಿ ‘ಹ್ಯಾವ್ ಯು ಎವರ್’ ಅಂತ ಶುರುವಾಗುತ್ತವೆ. ‘ಹ್ಯಾವ್ ಯು ವರ್ಕ್ಡ್ ಆನ್ ಎಕ್ಸೆಲ್?’ ಅಂದರೆ ಜೀವನದಲ್ಲಿ ಯಾವಾಗಲಾದರೂ ಅಂತ. ಮೊದಲ ಉತ್ತರ ಹ್ಯಾವ್‌ನಲ್ಲಿ ಕೊಡಿ: ‘ಯೆಸ್, ಐ ಹ್ಯಾವ್.’ ಆಮೇಲೆ ವಿವರಕ್ಕೆ ಹೋಗುವಾಗ ಸಾದಾ ಪಾಸ್ಟಿಗೆ ಇಳಿಯಿರಿ: ‘ಐ ಲರ್ನ್ಡ್ ಇಟ್ ಇನ್ 2022. ಐ ಪ್ರಿಪೇರ್ಡ್ ಬಿಲ್ಸ್.’ ಹ್ಯಾವ್‌ನಿಂದ ಬಾಗಿಲು ತೆಗೆದು ಪಾಸ್ಟಿನಲ್ಲಿ ಒಳಗೆ ಹೋಗುವುದು ಇಂಗ್ಲಿಷ್ ಮಾತುಕತೆಯ ಸಹಜ ನಡಿಗೆ. ಇದೊಂದನ್ನು ಹಿಡಿದರೆ ಅರ್ಧ ಇಂಟರ್‌ವ್ಯೂ ಸುಸೂತ್ರ.

ಎರಡನೆಯದು ಹ್ಯಾಡ್. ಟ್ಯೂಷನ್ ಸರ್ ಹೇಳಿದ ‘ಬಹಳ ಹಿಂದೆ ಆದರೆ ಹ್ಯಾಡ್’ ಅನ್ನುವುದನ್ನು ಇವತ್ತೇ ಮರೆತುಬಿಡಿ. ಬೀದರಿನಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಮದರಸಾ ಕಟ್ಟಿಸಿದ್ದು 1472ರಲ್ಲಿ. ಐನೂರು ವರ್ಷ ದಾಟಿದೆ. ಆದರೂ ಇಂಗ್ಲಿಷಿನಲ್ಲಿ ‘ಮಹಮೂದ್ ಗವಾನ್ ಬಿಲ್ಟ್ ದ ಮದ್ರಸಾ ಇನ್ 1472’, ಹ್ಯಾಡ್ ಬೇಡ. ಹತ್ತು ನಿಮಿಷದ ಹಿಂದಿನ ಮಾತಿಗೆ ಹ್ಯಾಡ್ ಬೇಕಾಗಬಹುದು: ‘ಬಸ್ ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಬಸ್ ಹೋಗಿತ್ತು.’ ‘ವೆನ್ ಐ ರೀಚ್ಡ್ ದ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್.’

ಹ್ಯಾಡ್ ಎಷ್ಟು ಹಿಂದೆ ಅಂತ ಅಳೆಯುವುದಿಲ್ಲ. ಆಗಿಹೋದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಆಯಿತು ಅಂತ ತೋರಿಸುತ್ತದೆ. ಗವಾನ್ ಕೊಲೆಯಾದದ್ದು 1481ರಲ್ಲಿ. ಆ ಕತೆ ಹೇಳುತ್ತಾ ‘ಅಷ್ಟರಲ್ಲಿ ಅವನು ಮದರಸಾ ಕಟ್ಟಿಸಿದ್ದ’ ಅಂತ ಹಿಂದೆ ತಿರುಗಿ ನೋಡಿದರೆ ಆಗ ‘ಹಿ ಹ್ಯಾಡ್ ಬಿಲ್ಟ್’. ಎರಡನೇ ಸಂಗತಿ ಇದ್ದಾಗ ಮಾತ್ರ ಹ್ಯಾಡ್‌ಗೆ ಕೆಲಸ. ‘ದ ಬಸ್ ಲೆಫ್ಟ್’ ಅಂದಿದ್ದರೆ ನಾನು ಮುಟ್ಟಿದೆ, ಆಮೇಲೆ ಬಸ್ ಹೊರಟಿತು ಅಂತ ಆಗುತ್ತಿತ್ತು. ಒಂದು ಹ್ಯಾಡ್‌ನಿಂದ ಬಸ್ ಸಿಕ್ಕಿತೋ ತಪ್ಪಿತೋ ಅನ್ನುವುದೇ ಬದಲಾಗುತ್ತದೆ.

ಕನ್ನಡದಲ್ಲಿ ಎರಡನೇ ಸಂಗತಿಯ ಹಂಗಿಲ್ಲದೆ ‘ಇದ್ದೆ’ ಬರುತ್ತದೆ. ನಿಮ್ಮ ಪತ್ರದಲ್ಲೇ ‘ಹೋದ ತಿಂಗಳು ಇಂಟರ್‌ವ್ಯೂಗೆ ಹೋಗಿದ್ದೆ’ ಅಂತ ಬರೆದಿದ್ದೀರಿ. ಒಳ್ಳೆಯ ಕನ್ನಡ. ಹೋಗಿದ್ದೆ ಅಂದರೆ ಹೋಗಿ ಬಂದೆ, ಈಗ ಅಲ್ಲಿಲ್ಲ ಅಂತ. ಅದನ್ನು ‘ಐ ಹ್ಯಾಡ್ ಗಾನ್’ ಅಂತ ಹೇಳಿದರೆ ಕೇಳುವವರು ‘ಹಾಂ, ಆಮೇಲೇನಾಯಿತು?’ ಅಂತ ಎರಡನೇ ಸಂಗತಿಗೆ ಕಾಯುತ್ತಾರೆ. ಇಂಗ್ಲಿಷಿಗೆ ‘ಐ ವೆಂಟ್’ ಸಾಕು. ‘ಯೆಸ್ಟರ್‌ಡೇ ಐ ಹ್ಯಾಡ್ ಕಮ್’ ಕೂಡ ಇದೇ ತಪ್ಪು. ‘ಹ್ಯಾಡ್ ಹ್ಯಾಡ್’ ಅಂತ ಎರಡು ಸಲ ಅಚ್ಚಾಗಿದ್ದನ್ನು ಕಂಡರೆ ಮುದ್ರಣ ದೋಷ ಅಂದುಕೊಳ್ಳಬೇಡಿ. ‘ಐ ಹ್ಯಾಡ್ ಹ್ಯಾಡ್ ಮೈ ಲಂಚ್ ಬಿಫೋರ್ ದೇ ಕೇಮ್’ ಸರಿಯಾದ ವಾಕ್ಯ. ಮೊದಲನೆಯದು ಸಹಾಯಕ, ಎರಡನೆಯದು ಊಟ.

ಮೂರನೆಯದು ‘ಇಂದ’. ನಾವು ‘ಸೋಮವಾರದಿಂದ’ ಅಂತೇವೆ, ‘ಎರಡು ವರ್ಷದಿಂದ’ ಅಂತಲೂ ಅಂತೇವೆ. ಇಂಗ್ಲಿಷ್ ಇವೆರಡನ್ನೂ ಬೇರೆ ಮಾಡುತ್ತದೆ. ಶುರುವಾದ ಗಳಿಗೆ ಹೇಳಿದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ 2022. ಎಷ್ಟು ಕಾಲ ಅಂತ ಅಳತೆ ಹೇಳಿದರೆ ಫಾರ್: ಫಾರ್ ಟೂ ಇಯರ್ಸ್. ಜೊತೆಗೆ ಕ್ರಿಯೆಯೂ ಬದಲಾಗಬೇಕು. ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಅನ್ನುವಲ್ಲಿ ನಮಗೆ ‘ಮಾಡುತ್ತಿದ್ದೇನೆ’ ಸಾಕು. ಹಿಂದಿನಿಂದ ಇಲ್ಲಿಯತನಕ ಎಂಬ ಅರ್ಥವನ್ನು ‘ಇಂದ’ವೇ ಕೊಟ್ಟುಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಅರ್ಥವನ್ನು ಕ್ರಿಯೆಯೂ ಹೊರಬೇಕು. ‘ಐ ಆಮ್ ವರ್ಕಿಂಗ್’ ಬರೀ ಇವತ್ತಿನದು. ಹಿಂದಿನದನ್ನು ಎಳೆದು ತರಲು ‘ಹ್ಯಾವ್ ಬೀನ್’ ಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೂ ಇಯರ್ಸ್’. ನಾನು ಇಪ್ಪತ್ತಮೂರು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಅಂದರೆ ‘ಐ ಹ್ಯಾವ್ ಬೀನ್ ಟೀಚಿಂಗ್ ಫಾರ್ ಟ್ವೆಂಟಿ ತ್ರೀ ಇಯರ್ಸ್’. ಕನ್ನಡದಲ್ಲಿ ‘ವರ್ಷದಿಂದ’, ‘ತಿಂಗಳಿಂದ’, ‘ಅವತ್ತಿನಿಂದ’ ಅಂತ ಬಾಯಿಗೆ ಬಂದ ತಕ್ಷಣ ‘ಹ್ಯಾವ್ ಬೀನ್’ ನೆನಪಾಗಬೇಕು. ಇಷ್ಟು ರೂಢಿ ಮಾಡಿಕೊಳ್ಳಿ.

ಗಾನ್ ಮತ್ತು ಬೀನ್ ನಡುವಿನ ವ್ಯತ್ಯಾಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಅಣ್ಣ ಹೈದರಾಬಾದಿಗೆ ಹೋಗಿದ್ದಾನೆ’ ಅಂದರೆ ಇನ್ನೂ ಅಲ್ಲೇ ಇದ್ದಾನೆ, ‘ಹ್ಯಾಸ್ ಗಾನ್’. ‘ನಾನು ಬೀದರ್ ಕೋಟೆಗೆ ಹೋಗಿದ್ದೇನೆ’ ಅಂತ ಕಲಬುರಗಿಯಲ್ಲಿ ನಿಂತು ಹೇಳಿದರೆ ಹೋಗಿ ಬಂದಿದ್ದೇನೆ ಅಂತ, ‘ಹ್ಯಾವ್ ಬೀನ್ ಟು ಬೀದರ್ ಫೋರ್ಟ್’. ನಮಗೆ ಎರಡಕ್ಕೂ ಒಂದೇ ಪದ, ಅವರಿಗೆ ಎರಡು.

ಇಪ್ಪತ್ತಮೂರು ಹೆಲ್ಪಿಂಗ್ ವರ್ಬ್ ಪಟ್ಟಿ ನೋಡಿ ಹೆದರಬೇಡಿ. ಆಮ್, ಈಸ್, ಆರ್, ವಾಸ್, ವರ್, ಬಿ, ಬೀನ್, ಬೀಯಿಂಗ್ ಎಂಟೂ ಒಂದೇ ‘ಬಿ’ಯ ವೇಷಗಳು. ಡು, ಡಸ್, ಡಿಡ್ ಒಂದು ಮನೆ. ಹ್ಯಾವ್, ಹ್ಯಾಸ್, ಹ್ಯಾಡ್ ಇನ್ನೊಂದು ಮನೆ. ಉಳಿದ ಒಂಬತ್ತು ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಇವು ನಮ್ಮ ಬಹುದು, ಬೇಕು, ಬಲ್ಲೆ ಇದ್ದ ಹಾಗೆ. ಇಲ್ಲೂ ಕನ್ನಡ ಜೊತೆಗೆ ಬರುತ್ತದೆ. ‘ಬಂದಿರಬೇಕು’ ಅಂದರೆ ‘ಮಸ್ಟ್ ಹ್ಯಾವ್ ಕಮ್’. ‘ಬಂದಿರಬಹುದು’ ಅಂದರೆ ‘ಮೇ ಹ್ಯಾವ್ ಕಮ್’. ನಡುವೆ ‘ಇರ’ ಕೂತಿದೆ, ಅಲ್ಲಿ ಹ್ಯಾವ್ ಕೂತಿದೆ. ‘ಬರಬೇಕಿತ್ತು’ ಮಾತ್ರ ‘ಶುಡ್ ಹ್ಯಾವ್ ಕಮ್’, ಬರಲಿಲ್ಲ ಎಂಬ ಬೇಸರ ಅದರೊಳಗೇ ಇದೆ.

ಹನ್ನೆರಡು ಟೆನ್ಸ್ ಅನ್ನುವುದು ಕಲಿಸುವವರು ಅನುಕೂಲಕ್ಕೆ ಮಾಡಿಕೊಂಡ ಕೋಷ್ಟಕ. ಸುಳ್ಳಲ್ಲ, ಆದರೆ ಇಂಗ್ಲಿಷ್ ಕ್ರಿಯಾಪದ ಕಾಲಕ್ಕಾಗಿ ತಾನಾಗಿ ರೂಪ ಬದಲಿಸುವುದು ಎರಡೇ ರೀತಿ, ಗೋ ಮತ್ತು ವೆಂಟ್. ಉಳಿದದ್ದೆಲ್ಲ ಹೆಲ್ಪಿಂಗ್ ವರ್ಬ್‌ಗಳ ಜೋಡಣೆ. ದಿನದ ಮಾತಿನಲ್ಲಿ ಐದಾರು ಜೋಡಣೆ ಸಾಕು. ‘ವಿಲ್ ಹ್ಯಾವ್ ಬೀನ್ ಗೋಯಿಂಗ್’ ಅಂತ ನಾನು ಕ್ಲಾಸಿನ ಹೊರಗೆ ಕೊನೆಯ ಸಲ ಯಾವಾಗ ಹೇಳಿದೆನೋ ನೆನಪಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಕೋಷ್ಟಕ ಬಾಯಿಪಾಠ ಮಾಡಿದರೆ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಲು ಖಂಡಿತ ಉಪಯೋಗ, ಆ ಓದನ್ನು ಬಿಡಬೇಡಿ. ಅಪಾಯ ಇರುವುದು ಮಾತಾಡುವಾಗ. ಎದುರಿಗೆ ಯಾರೋ ಕೂತು ಕೇಳುತ್ತಿದ್ದರೆ ಮನಸ್ಸಿನಲ್ಲಿ ಕೋಷ್ಟಕ ತಿರುವಲು ಹೊತ್ತು ಸಿಗುವುದಿಲ್ಲ, ಮಾತು ನಿಂತುಹೋಗುತ್ತದೆ. ಹೋದ ಸಲ ನಿಮಗೆ ಆದದ್ದು ಇದೇ ಇರಬೇಕು. ಮೂವತ್ತು ದಿನದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರುವುದಾದರೆ ಒಂದೇ ಪ್ರಶ್ನೆ ಕೇಳಿ ಸೇರಿ: ದಿನಕ್ಕೆ ನನಗೆ ಎಷ್ಟು ನಿಮಿಷ ಮಾತಾಡಲು ಬಿಡುತ್ತೀರಿ? ಸರ್ ಬೋರ್ಡಿನ ಮೇಲೆ ಬರೆದು ಅರವತ್ತು ಜನ ನೋಟ್ ಮಾಡಿಕೊಳ್ಳುವ ಕ್ಲಾಸಾದರೆ ದುಡ್ಡು ಉಳಿಸಿಕೊಳ್ಳಿ. ಫೋನಿನಲ್ಲಿ ವ್ಯಾಕರಣ ತಿದ್ದುವ ಆಪ್‌ಗಳು ಅರ್ಜಿ, ಇಮೇಲ್ ಬರೆಯುವಾಗ ಒಳ್ಳೆಯ ಕಾವಲು. ಆದರೆ ಬಸ್ ಸಿಕ್ಕಿತ್ತೋ ತಪ್ಪಿತ್ತೋ ಆಪ್‌ಗೆ ಗೊತ್ತಿರುವುದಿಲ್ಲ. ‘ಲೆಫ್ಟ್’ ಮತ್ತು ‘ಹ್ಯಾಡ್ ಲೆಫ್ಟ್’ ಎರಡೂ ಅದಕ್ಕೆ ಸರಿ. ನಿಮ್ಮ ಅರ್ಥ ನೀವೇ ಕಾಯಬೇಕು.

ಇನ್ನೊಂದು ದಾರಿಯನ್ನು ಕೆಲವರು ಹೇಳುತ್ತಾರೆ: ಎಲ್ಲ ಕಡೆ ಸಾದಾ ಪಾಸ್ಟ್ ಹಾಕಿಬಿಡಿ. ಮೂರು ವಾರದ ಅವಸರಕ್ಕೆ ಇದು ಕೆಟ್ಟ ಸಲಹೆ ಏನಲ್ಲ. ಅಮೆರಿಕದವರು ‘ಡಿಡ್ ಯು ಈಟ್ ಯೆಟ್?’ ಅಂತ ಸಲೀಸಾಗಿ ಕೇಳುತ್ತಾರೆ. ಬ್ರಿಟಿಷ್ ರೂಢಿಯಲ್ಲಿ ಅಲ್ಲಿ ಹ್ಯಾವ್ ಬರುತ್ತದೆ. ಅನುಮಾನ ಬಂದಾಗ ಹ್ಯಾಡ್‌ಗಿಂತ ಸಾದಾ ಪಾಸ್ಟ್ ಯಾವಾಗಲೂ ಕ್ಷೇಮ. ತೊಂದರೆ ಎರಡು. ನಮ್ಮ ಪರೀಕ್ಷೆಗಳು ಸಾಮಾನ್ಯವಾಗಿ ಬ್ರಿಟಿಷ್ ರೂಢಿ ಹಿಡಿಯುತ್ತವೆ, ಅಲ್ಲಿ ಅಂಕ ಹೋಗಬಹುದು. ಇನ್ನು ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಅನ್ನುವುದಕ್ಕೆ ‘ಐ ವರ್ಕ್ಡ್ ಫಾರ್ ಟೂ ಇಯರ್ಸ್’ ಅಂದರೆ ಈಗ ಕೆಲಸ ಬಿಟ್ಟಿದ್ದೀರಿ ಅಂತ ಆಗುತ್ತದೆ. ಇಂಟರ್‌ವ್ಯೂನಲ್ಲಿ ಅದು ದೊಡ್ಡ ವ್ಯತ್ಯಾಸ.

ನಾನು ಹೇಳುವುದು ಇದು. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಾ ರಾತ್ರಿ ಅವತ್ತಿನದೇ ಹತ್ತು ವಾಕ್ಯ ಕನ್ನಡದಲ್ಲಿ ಬರೆಯಿರಿ. ಸೆಂಟರಿನಲ್ಲಿ ಕರೆಂಟ್ ಹೋಗಿತ್ತು, ಊರಿಂದ ಫೋನ್ ಬಂತು, ತೊಗರಿ ಬಿತ್ತಿದ್ದಾರಂತೆ, ಇಂಥವು. ಪಕ್ಕದಲ್ಲಿ ಅದರ ‘ಇಲ್ಲ’ ರೂಪ ಬರೆಯಿರಿ. ಆಮೇಲೆ ಇಂಗ್ಲಿಷಿಗೆ ತನ್ನಿ. ಬರೆದದ್ದರಲ್ಲಿ ತಾರೀಖು, ‘ನಿನ್ನೆ’, ‘ಇಂದ’ ಇದ್ದರೆ ಕೆಂಪು ಗೆರೆ ಹಾಕಿ ಮತ್ತೊಮ್ಮೆ ನೋಡಿ. ಕೊನೆಗೆ ಬಾಯಿಬಿಟ್ಟು, ಗಟ್ಟಿಯಾಗಿ ಓದಿ. ಸುಮ್ನೆ ಕಣ್ಣಾಡಿಸಿದರೆ ಪ್ರಯೋಜನವಿಲ್ಲ. ರೂಮಿನ ಗೆ‍ಳತಿಯರು ಏನಂದುಕೊಳ್ಳುತ್ತಾರೋ ಅಂತ ನಾಚಬೇಡಿ, ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಈ ದಾರಿಗೂ ಒಂದು ತೊಂದರೆ ಇದೆ. ಮೊದಲ ಕೆಲವು ದಿನ ಎಲ್ಲವನ್ನೂ ಕನ್ನಡದಿಂದ ದಾಟಿಸುವುದರಿಂದ ಮಾತು ನಿಧಾನ ಆಗುತ್ತದೆ. ರೂಢಿಯಾದ ವಾಕ್ಯಗಳಿಗೆ ಕನ್ನಡದ ಆಸರೆ ಬಿಡುತ್ತಾ ಬನ್ನಿ, ಹೊಸ ವಾಕ್ಯಕ್ಕೆ ಮಾತ್ರ ಇಟ್ಟುಕೊಳ್ಳಿ.

ಇಂಟರ್‌ವ್ಯೂನಲ್ಲಿ ತಪ್ಪು ಹೇಳಿದ್ದು ನಿಮಗೇ ಗೊತ್ತಾದರೆ ನಿಲ್ಲಿಸಿ, ‘ಲೆಟ್ ಮಿ ಸೇ ದಟ್ ಅಗೇನ್’ ಅನ್ನಿ, ಸರಿ ಮಾಡಿ ಹೇಳಿ. ತನ್ನ ತಪ್ಪನ್ನು ತಾನೇ ಹಿಡಿದು ತಿದ್ದಿಕೊಳ್ಳುವವರ ಮೇಲೆ ನಾನು ಇಂಟರ್‌ವ್ಯೂ ಸಮಿತಿಗಳಲ್ಲಿ ಕೂತಾಗೆಲ್ಲ ಒಳ್ಳೆಯ ಅಭಿಪ್ರಾಯವನ್ನೇ ಬರೆದಿದ್ದೇನೆ.

ನಿಮ್ಮ ನಾಲ್ಕು ವಾಕ್ಯಗಳನ್ನು ತಿದ್ದಿ ಕೊಡುತ್ತೇನೆ. ‘ಐ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2021. ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ಅ ಕಂಪ್ಯೂಟರ್ ಸೆಂಟರ್ ಫಾರ್ ಟೂ ಇಯರ್ಸ್. ಐ ಕೇಮ್ ಫ್ರಮ್ ಮೈ ವಿಲೇಜ್ ಯೆಸ್ಟರ್‌ಡೇ.’ ಟ್ರೈನಿಂಗಿನ ಪ್ರಶ್ನೆಗೆ ಮಾತ್ರ ಯೋಚಿಸಿ ಉತ್ತರಿಸಿ. ಯಾವುದೋ ಒಂದು ಟ್ರೈನಿಂಗ್ ನಡೆದಿತ್ತು, ಅದಕ್ಕೆ ಹೋಗಲಿಲ್ಲ ಅಂತಾದರೆ ‘ಐ ಡಿಡ್ ನಾಟ್ ಗೋ’. ಇಲ್ಲಿಯತನಕ ಯಾವುದಕ್ಕೂ ಹೋಗಿಲ್ಲ, ಅವಕಾಶ ಸಿಕ್ಕರೆ ಹೋಗುತ್ತೇನೆ ಅಂತಾದರೆ ‘ಐ ಹ್ಯಾವ್ ನಾಟ್ ಅಟೆಂಡೆಡ್ ಎನಿ ಟ್ರೈನಿಂಗ್ ಯೆಟ್’. ಹೋಗಲಿಲ್ಲವೋ, ಹೋಗಿಲ್ಲವೋ, ಅದು ನಿಮಗೇ ಗೊತ್ತು.